ಓಣಿಯ ನಾಯಿ, ಮನೆಯ ಬೆಕ್ಕು ಮತ್ತು ನಮ್ಮ ಹೊಣೆ



ನಿಮ್ಮಲ್ಲಿ ಅನೇಕರು ಬೆಳಕು ಹರಿಯುವ ಮುನ್ನವೇ ಸೈಕಲ್ ಹತ್ತಿ ಟ್ಯೂಷನ್ನಿಗೆ ಹೋಗುವವರು. ಓಣಿಯ ತಿರುವಿನಲ್ಲಿ ನಾಲ್ಕಾರು ನಾಯಿಗಳು ಒಮ್ಮೆಲೇ ಬೊಗಳುತ್ತ ಬೆನ್ನು ಹತ್ತಿದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ನಿಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನಾಯಿಗಳಿಗೆ ಸಂಜೆ ನಿಮ್ಮ ಕೈಯಿಂದಲೇ ಒಂದು ತುಂಡು ರೊಟ್ಟಿ ಬೀಳುವುದೂ ಉಂಟು. ಭಯ ಮತ್ತು ಪ್ರೀತಿ ಎರಡೂ ಒಂದೇ ಓಣಿಯಲ್ಲಿವೆ. ಈ ಎರಡರ ನಡುವೆ ನಾವು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

ಬಳ್ಳಾರಿಯ ಗಾಂಧಿನಗರದಲ್ಲಿ ನಾವಿದ್ದ ಓಣಿಯಲ್ಲಿ ಒಂದು ಕಂದು ಬಣ್ಣದ ಹೆಣ್ಣುನಾಯಿ ಇತ್ತು. ಅದು ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದೂ ಹೌದು. ಪ್ರತಿ ಚಳಿಗಾಲದಲ್ಲಿ ಅದು ಕಟ್ಟಡದ ಕಲ್ಲುಗಳ ಸಂದಿಯಲ್ಲಿ ಆರೇಳು ಮರಿ ಹಾಕುತ್ತಿತ್ತು. ಒಂದೆರಡು ಮರಿಗಳು ಗಾಡಿಯ ಚಕ್ರಕ್ಕೆ ಸಿಕ್ಕುತ್ತಿದ್ದವು. ಒಂದೆರಡು ಮರಿಗಳು ವಾಂತಿ ಭೇದಿಯಿಂದ ಸಾಯುತ್ತಿದ್ದವು. ಉಳಿದವು ಬೆಳೆದು ಓಣಿಯಲ್ಲೇ ನಿಲ್ಲುತ್ತಿದ್ದವು. ಒಂದು ವರ್ಷ ಪಕ್ಕದ ಮನೆಯ ಹುಡುಗ, ಎರಡನೆಯ ತರಗತಿಯವನು, ಮರಿಯನ್ನು ಎತ್ತಿಕೊಳ್ಳಲು ಹೋದ. ತಾಯಿನಾಯಿ ಹಾರಿ ಬಂದು ಅವನ ಮೊಣಕಾಲಿನ ಕೆಳಗೆ ಕಚ್ಚಿತು.

ಹುಡುಗನ ಅಜ್ಜಿ ಗಾಬರಿಯಿಂದ ಸುಣ್ಣದ ಡಬ್ಬಿ ತಂದರು. ಅಷ್ಟರಲ್ಲಿ ಎದುರು ಮನೆಯ ಕಾಲೇಜು ಹುಡುಗಿ ಓಡಿ ಬಂದು, "ಅಜ್ಜೀ, ಸುಣ್ಣ ಹಚ್ಚಬ್ಯಾಡ್ರಿ. ಮೊದ್ಲು ಸಾಬೂನು ಹಚ್ಚಿ ತೊಳೀಬೇಕ್ರಿ" ಎಂದು ನಲ್ಲಿಯ ಕೆಳಗೆ ಅವನ ಕಾಲು ಹಿಡಿದಳು. ಹುಡುಗ ಅಳುತ್ತಿದ್ದ. ಆಕೆ ಗಡಿಯಾರ ನೋಡುತ್ತ ಹದಿನೈದು ನಿಮಿಷ ಗಾಯವನ್ನು ತೊಳೆದಳು. ಆಮೇಲೆ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಗಾಯದ ಸುತ್ತ ಒಂದು ಚುಚ್ಚುಮದ್ದು, ತೋಳಿಗೆ ಲಸಿಕೆ, ಮತ್ತೆ ಹೇಳಿದ ದಿನಗಳಂದು ತಪ್ಪದೆ ಲಸಿಕೆ. ಹುಡುಗ ಕ್ಷೇಮವಾಗಿ ಉಳಿದ.

ಅಂದು ರಾತ್ರಿ ಓಣಿಯ ಹಿರಿಯರು ಸೇರಿದರು. ಒಬ್ಬರು, "ನಾಯಿಗೆ ವಿಷ ಹಾಕೋಣ" ಎಂದರು. ಇನ್ನೊಬ್ಬರು, "ಟೆಂಪೋದಾಗ ಹಾಕಿ ಊರ ಹೊರಗೆ ಬಿಟ್ಟು ಬರೋಣ" ಎಂದರು. ನಿವೃತ್ತ ಶಿಕ್ಷಕರೊಬ್ಬರು ಮಾತ್ರ, "ಅದು ಹೋದರೆ ಇನ್ನೊಂದು ಬರ್ತದ. ಮರಿ ಆಗದಂಗ ಮಾಡೋದು ಬಿಟ್ಟು ಬೇರೆ ದಾರಿ ಇಲ್ಲ" ಎಂದರು. ಅವರ ಮಾತು ಉಳಿಯಿತು. ಮರಿಗಳು ಹಾಲು ಬಿಟ್ಟ ಮೇಲೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲಾಯಿತು, ರೇಬಿಸ್ ಲಸಿಕೆ ಹಾಕಿಸಲಾಯಿತು. ಮುಂದೆ ಬಹಳ ವರ್ಷ ಅದು ಅದೇ ಓಣಿಯಲ್ಲಿ ಬದುಕಿತು. ಮತ್ತೆ ಯಾರನ್ನೂ ಕಚ್ಚಲಿಲ್ಲ.

ಆ ಶಿಕ್ಷಕರು ಹೇಳಿದ ಮಾತು ಏಕೆ ಸರಿ ಎಂಬುದನ್ನು ಈಗ ಸ್ವಲ್ಪ ವಿವರವಾಗಿ ನೋಡೋಣ.

ಸಂತಾನಹರಣ ನಮಗೆ ಹೊಸದೇನೂ ಅಲ್ಲ. ಸಿರುಗುಪ್ಪ, ಕುರುಗೋಡು ಸೀಮೆಯ ರೈತರು ಹೋರಿಯ ಬೀಜ ಒಡೆಸಿ ಎತ್ತು ಮಾಡಿ ನೊಗಕ್ಕೆ ಕಟ್ಟುವುದನ್ನು ತಲೆಮಾರುಗಳಿಂದ ಬಲ್ಲರು. ಎತ್ತು ಹೋರಿಗಿಂತ ಶಾಂತ, ಆದರೆ ದುಡಿಮೆಯಲ್ಲಿ ಹಿಂದಲ್ಲ. ನಾಯಿ ಬೆಕ್ಕುಗಳಲ್ಲಿ ಇದನ್ನು ಇಂದು ಪಶುವೈದ್ಯರು ಅರಿವಳಿಕೆ ಕೊಟ್ಟು ನೋವಿಲ್ಲದಂತೆ ಮಾಡುತ್ತಾರೆ. ಗಂಡಿನಲ್ಲಿ ವೃಷಣಗಳನ್ನು ತೆಗೆಯುತ್ತಾರೆ. ಹೆಣ್ಣಿನಲ್ಲಿ ಹೊಟ್ಟೆಯ ಮೇಲೆ ಸಣ್ಣ ಸೀಳು ಮಾಡಿ ಅಂಡಾಶಯಗಳನ್ನು, ಸಾಮಾನ್ಯವಾಗಿ ಅವುಗಳ ಜೊತೆಗೆ ಗರ್ಭಕೋಶವನ್ನೂ ತೆಗೆದು ಹೊಲಿಗೆ ಹಾಕುತ್ತಾರೆ. ಹಿಂದಿನ ರಾತ್ರಿಯಿಂದ ಪ್ರಾಣಿಗೆ ಆಹಾರ ಕೊಡುವಂತಿಲ್ಲ. ಆಮೇಲೆ ಹತ್ತು ಹದಿನಾಲ್ಕು ದಿನ ಹೊಲಿಗೆ ಒದ್ದೆಯಾಗದಂತೆ, ನಾಯಿ ಅದನ್ನು ನೆಕ್ಕದಂತೆ ನೋಡಿಕೊಳ್ಳಬೇಕು.

ನಾಯಿಯ ಗರ್ಭಾವಧಿ ಸುಮಾರು 63 ದಿನ. ಬಹುಪಾಲು ಹೆಣ್ಣುನಾಯಿಗಳು ಒಂದು ವರ್ಷ ತುಂಬುವುದರೊಳಗೆ ಬೆದೆಗೆ ಬರುತ್ತವೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬರುತ್ತವೆ. ಬೆಕ್ಕಿನ ವೇಗ ಇನ್ನೂ ಹೆಚ್ಚು. ನಾಲ್ಕೈದು ತಿಂಗಳ ಮರಿಯೇ ಬೆದೆಗೆ ಬರಬಹುದು. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಕೂಡುವಿಕೆಯ ನಂತರ. ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಬಹಳ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಬೆದೆಗೆ ಬರುವುದುಂಟು. ಹೀಗಾಗಿ ಒಂದು ಬೆಕ್ಕಿಗೆ ಹಾಲು ಹಾಕಿದ ಮನೆಯಲ್ಲಿ ವರ್ಷ ಕಳೆಯುವುದರೊಳಗೆ ಹತ್ತು ಬೆಕ್ಕು. ಆಗ ಮನೆಯವರು ಮರಿಗಳನ್ನು ಚೀಲದಲ್ಲಿ ಕಟ್ಟಿ ಮೀನು ಮಾರುವ ಜಾಗದಲ್ಲೋ ಊರಾಚೆಯಲ್ಲೋ ಬಿಟ್ಟು ಬರುತ್ತಾರೆ. ತಾಯಿಯ ಹಾಲು ಬಿಡದ ಮರಿ ಅಲ್ಲಿ ಎಷ್ಟು ದಿನ ಬದುಕೀತು? ನೀವೇ ಯೋಚಿಸಿ.

"ಒಂದು ಜೋಡಿ ನಾಯಿಯಿಂದ ಆರು ವರ್ಷದಲ್ಲಿ ಸಾವಿರಾರು ನಾಯಿ" ಎಂಬ ಲೆಕ್ಕವನ್ನು ನೀವು ಎಲ್ಲಾದರೂ ಓದಿರಬಹುದು. ಅದು ಕಾಗದದ ಮೇಲಿನ ಲೆಕ್ಕ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಅನೇಕ ಮರಿಗಳು ದೊಡ್ಡವಾಗುವುದೇ ಇಲ್ಲ. ನಿಜವಾದ ಸಂಗತಿಗೆ ಹತ್ತಿರವಾದ ಒಂದು ಲೆಕ್ಕವನ್ನು ನಾವೇ ಮಾಡೋಣ. ಪೆನ್ಸಿಲ್ ಹಿಡಿಯಿರಿ.

ಒಂದು ಬಡಾವಣೆಯಲ್ಲಿ 20 ನಾಯಿಗಳಿವೆ, ಅವುಗಳಲ್ಲಿ 10 ಹೆಣ್ಣು ಎಂದು ಇಟ್ಟುಕೊಳ್ಳಿ. ಒಂದೊಂದು ಹೆಣ್ಣುನಾಯಿಯ ಮರಿಗಳಲ್ಲಿ ಎರಡೇ ಬದುಕಿ ಬೆಳೆಯುತ್ತವೆ, ವರ್ಷಕ್ಕೆ ದೊಡ್ಡ ನಾಯಿಗಳಲ್ಲಿ 5 ಸಾಯುತ್ತವೆ ಎನ್ನಿ. 3 ಹೆಣ್ಣುನಾಯಿಗಳಿಗೆ ಮಾತ್ರ ಚಿಕಿತ್ಸೆ ಮಾಡಿಸಿದರೆ, ಉಳಿದ 7ರಿಂದ 14 ಹೊಸ ನಾಯಿಗಳು ಬರುತ್ತವೆ, 5 ಹೋಗುತ್ತವೆ. ವರ್ಷದ ಕೊನೆಗೆ 29. ಖರ್ಚು ಮಾಡಿಯೂ ಸಂಖ್ಯೆ ಏರಿತು! ಅದೇ 8 ಹೆಣ್ಣುನಾಯಿಗಳಿಗೆ ಮಾಡಿಸಿದರೆ, ಹೊಸದು 4, ಹೋದದ್ದು 5. ವರ್ಷದ ಕೊನೆಗೆ 19. ಇಳಿತ ಕೇವಲ ಒಂದು, ನಿಜ. ಆದರೆ ದಿಕ್ಕು ಬದಲಾಯಿತು. ಮುಂದಿನ ವರ್ಷ ಆ ಹೊಸ ನಾಲ್ಕಕ್ಕೂ ಚಿಕಿತ್ಸೆ ಮಾಡಿಸಿದರೆ ಇಳಿತ ಚುರುಕಾಗುತ್ತದೆ.

ಈ ಲೆಕ್ಕದಿಂದ ಮೂರು ಪಾಠ ಕಲಿಯಬಹುದು. ಅಲ್ಲೊಂದು ಇಲ್ಲೊಂದು ನಾಯಿಗೆ ಮಾಡಿಸಿದರೆ ಪ್ರಯೋಜನವಿಲ್ಲ, ಒಂದು ಬಡಾವಣೆಯನ್ನು ಹಿಡಿದರೆ ಅಲ್ಲಿಯ ಹೆಚ್ಚಿನ ನಾಯಿಗಳಿಗೆ ಮಾಡಿ ಮುಗಿಸಬೇಕು. ಹೆಣ್ಣುನಾಯಿಗಳನ್ನು ಬಿಡಲೇಕೂಡದು, ಏಕೆಂದರೆ ಉಳಿದ ಒಂದೇ ಗಂಡು ಹಲವು ಹೆಣ್ಣುಗಳಿಗೆ ಸಾಕು. ಮತ್ತು ಇದು ಒಂದು ವರ್ಷ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ.

"ಇಷ್ಟೆಲ್ಲ ಏಕೆ, ಹಿಡಿದು ಕೊಂದರಾಗದೆ?" ಎಂದು ಕೇಳುವವರಿದ್ದಾರೆ. ಅದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಇಂದಿನ ಚೆನ್ನೈ, ಅಂದಿನ ಮದರಾಸಿನಲ್ಲಿ 1860ರಲ್ಲೇ ನಗರಾಡಳಿತ ಬೀದಿನಾಯಿಗಳನ್ನು ಹಿಡಿದು ಕೊಲ್ಲಲು ತೊಡಗಿತ್ತು. ನೂರು ವರ್ಷಕ್ಕೂ ಮೀರಿ ಕೊಂದರೂ ನಾಯಿಗಳು ಮುಗಿಯಲಿಲ್ಲ, ರೇಬಿಸ್ ನಿಲ್ಲಲಿಲ್ಲ. ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯವರು 1964ರಿಂದಲೂ ಸಂತಾನಹರಣದ ದಾರಿಯನ್ನು ಸೂಚಿಸುತ್ತ ಬಂದರು. 1996ರಲ್ಲಿ ನಗರಾಡಳಿತ ಆ ದಾರಿಗೆ ಹೊರಳಿತು. ಕೊಲ್ಲುವುದರಿಂದ ಏಕೆ ಫಲವಿಲ್ಲ? ನಾಯಿಗಳು ಓಣಿಯಲ್ಲಿರುವುದು ಅಲ್ಲಿ ಅನ್ನ ಸಿಗುತ್ತದೆಂದು. ಇದ್ದ ನಾಯಿಗಳನ್ನು ತೆಗೆದರೂ ಅನ್ನ ಅಲ್ಲೇ ಇರುತ್ತದೆ. ಪಕ್ಕದ ಓಣಿಯ ನಾಯಿಗಳು ಬಂದು ಸೇರುತ್ತವೆ. ಬಂದವು ಹೊಸ ನಾಯಿಗಳು, ಲಸಿಕೆ ಕಾಣದವು, ಜಾಗಕ್ಕಾಗಿ ಕಾದಾಡುವಂಥವು. ಚಿಕಿತ್ಸೆಯಾಗಿ ಲಸಿಕೆ ಪಡೆದ ನಾಯಿ ತನ್ನ ಓಣಿಯಲ್ಲಿದ್ದರೆ ಹೊರಗಿನ ನಾಯಿಗಳನ್ನು ಅದೇ ತಡೆಯುತ್ತದೆ.

ಜೈಪುರದ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ 1994ರ ಕೊನೆಯಲ್ಲಿ ಹೆಲ್ಪ್ ಇನ್ ಸಫರಿಂಗ್ ಎಂಬ ಸಂಸ್ಥೆ ನಗರದ ಒಂದು ಭಾಗದಲ್ಲಿ ಈ ಕೆಲಸ ಆರಂಭಿಸಿತು. 2002ರ ಹೊತ್ತಿಗೆ ಆ ಭಾಗದ ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿತ್ತು. ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಆ ಭಾಗದಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳು ಶೂನ್ಯಕ್ಕೆ ಬಂದವು. ನಮ್ಮ ಬೆಂಗಳೂರಿನಲ್ಲಿ 2019ರ ಗಣತಿಯಂತೆ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರ ಗಣತಿಯಲ್ಲಿ ಅದು ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಚಿಕಿತ್ಸೆಯಾದ ನಾಯಿಗಳ ಪ್ರಮಾಣ ಅದೇ ಅವಧಿಯಲ್ಲಿ ನೂರಕ್ಕೆ 51ರಿಂದ 72ರ ಸಮೀಪಕ್ಕೆ ಏರಿತ್ತು. ಇಳಿತ ನಿಧಾನ. ಆದರೆ ಇಳಿಯಿತು ಎಂಬುದು ಮುಖ್ಯ.

ಈಗ ಪ್ರಾಣಕ್ಕೇ ಸಂಬಂಧಿಸಿದ ಮಾತಿಗೆ ಬರೋಣ. ರೇಬಿಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಅವರಲ್ಲಿ ಬಹುಭಾಗ ಏಷ್ಯಾ ಮತ್ತು ಆಫ್ರಿಕದವರು, ಮತ್ತು ಅವರಲ್ಲಿ ಮಕ್ಕಳು ಬಹಳ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ಬರುವುದು ನಾಯಿಗಳಿಂದ. ಬೆಕ್ಕಿನಿಂದಲೂ ಬರಬಹುದು. 2023ರ ಫೆಬ್ರವರಿಯಲ್ಲಿ ನಮ್ಮ ಬಳ್ಳಾರಿ ನಗರದಲ್ಲೇ ಬೀದಿನಾಯಿಯ ದಾಳಿಗೆ ಅನೇಕರು ಒಳಗಾದರು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ಮಕ್ಕಳೇ ಏಕೆ ಹೆಚ್ಚು? ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲಿರುತ್ತದೆ. ಮಗು ಓಡುತ್ತದೆ, ಮರಿಯನ್ನು ಮುಟ್ಟುತ್ತದೆ, ಬೈಗುಳಕ್ಕೆ ಹೆದರಿ ಗಾಯವನ್ನು ಮನೆಯಲ್ಲಿ ಹೇಳುವುದಿಲ್ಲ.

ಆದ್ದರಿಂದ ಇದನ್ನು ನೆನಪಿಡಿ, ಮನೆಯಲ್ಲಿ ತಮ್ಮ ತಂಗಿಯರಿಗೂ ಹೇಳಿ. ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ, ತೆರೆದ ಗಾಯವನ್ನು ನೆಕ್ಕಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಿಂದೆ ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳ ಕಥೆ ಕೇಳಿ ಹೆದರುವವರು ಈಗಲೂ ಇದ್ದಾರೆ. ಆ ಹಳೆಯ ಲಸಿಕೆಯ ಬಳಕೆ ಭಾರತದಲ್ಲಿ 2004ರ ಕೊನೆಗೇ ನಿಂತಿತು. ಇಂದು ತೋಳಿಗೆ ಕೊಡುವ ಲಸಿಕೆ ಸಾಮಾನ್ಯ ಚುಚ್ಚುಮದ್ದಿನಂತೆಯೇ. ಚರ್ಮದೊಳಕ್ಕೆ ಕೊಡುವುದಾದರೆ ಮೊದಲ ದಿನ, ನಂತರ 3ನೆಯ, 7ನೆಯ ಮತ್ತು 28ನೆಯ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಕೊಡಬೇಕಾಗುತ್ತದೆ. ಒಂದು ಸೂಜಿ ಹಾಕಿಸಿಕೊಂಡು ಉಳಿದದ್ದನ್ನು ಮರೆಯಬಾರದು.

ಸಂತಾನಹರಣಕ್ಕೂ ರೇಬಿಸ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರೋಗವನ್ನು ತಡೆಯುವುದು ಲಸಿಕೆ, ಶಸ್ತ್ರಚಿಕಿತ್ಸೆಯಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಇದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂದು ತಜ್ಞರು ಹೇಳುತ್ತಾರೆ. ಆದರೆ ಪ್ರತಿ ವರ್ಷ ರಾಶಿ ರಾಶಿ ಮರಿ ಹುಟ್ಟುತ್ತಿದ್ದರೆ ಲಸಿಕೆ ಕಾಣದ ನಾಯಿಗಳು ಮತ್ತೆ ತುಂಬಿಕೊಳ್ಳುತ್ತವೆ, ಆ 70 ನಮ್ಮ ಕೈಗೆ ಎಟುಕುವುದೇ ಇಲ್ಲ. ಮರಿ ಕಡಿಮೆಯಾದರೆ ಲಸಿಕೆಯ ಫಲ ನಿಲ್ಲುತ್ತದೆ. ಇನ್ನೊಂದು ಮಾತು: ಮರಿ ಹಾಕಿದ ತಾಯಿ ತನ್ನ ಮರಿಗಳ ಕಾವಲಿಗಾಗಿ ಕಚ್ಚುತ್ತದೆ. ಬೆದೆಯ ಕಾಲದಲ್ಲಿ ಗಂಡುನಾಯಿಗಳು ಗುಂಪುಗೂಡಿ ಕಾದಾಡುತ್ತವೆ. ಬೆದೆಯೂ ಮರಿಯೂ ಇಲ್ಲದಿದ್ದರೆ ಕಡಿತದ ಈ ಕಾರಣಗಳೂ ಇಲ್ಲ.

ಸ್ವತಃ ಪ್ರಾಣಿಗೂ ಲಾಭವಿದೆ. ಚಿಕಿತ್ಸೆಯಾಗದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ಊಟ ಬಿಟ್ಟು ವಿಪರೀತ ನೀರು ಕುಡಿಯತೊಡಗಿದರೆ ಅನುಮಾನಿಸಬೇಕು. ತಡಮಾಡಿದರೆ ಸಾವು. ಗರ್ಭಕೋಶವನ್ನೇ ತೆಗೆದ ನಾಯಿಗೆ ಈ ಭಯವಿಲ್ಲ. ಸಣ್ಣ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಗಳ ಸಂಭವವೂ ಕಡಿಮೆ. ಗಂಡಿಗೆ ವೃಷಣದ ಗಡ್ಡೆ ಬರಲಾರದು. ಕೂಡುವಿಕೆಯಿಂದ ನಾಯಿಯಿಂದ ನಾಯಿಗೆ ಹರಡುವ ಒಂದು ಬಗೆಯ ಗಡ್ಡೆ ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯ, ಅದೂ ತಗ್ಗುತ್ತದೆ. ಗಂಡುಬೆಕ್ಕು ರಾತ್ರಿಯೆಲ್ಲ ಅಲೆಯುವುದು, ಕಾದಾಡಿ ಕಿವಿ ಹರಿದುಕೊಂಡು ಬರುವುದು, ಮನೆಯ ಮೂಲೆ ಮೂಲೆಗೆ ಮೂತ್ರ ಸಿಡಿಸುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಇದರಲ್ಲಿ ತೊಂದರೆಯೇ ಇಲ್ಲವೆ? ಇದೆ, ಮುಚ್ಚಿಡಬಾರದು. ಯಾವ ಶಸ್ತ್ರಚಿಕಿತ್ಸೆಯಲ್ಲೂ ಅರಿವಳಿಕೆಯ ಅಪಾಯ ಸ್ವಲ್ಪವಾದರೂ ಇರುತ್ತದೆ. ಕೊಳಕು ಜಾಗದಲ್ಲಿ, ಅವಸರದಲ್ಲಿ ಮಾಡಿದರೆ ಗಾಯ ಕೀವಾಗಿ ಪ್ರಾಣಿ ನರಳುತ್ತದೆ. ಚಿಕಿತ್ಸೆಯ ನಂತರ ಮನೆನಾಯಿ ದಪ್ಪಗಾಗಬಹುದು. ಅದಕ್ಕೆ ಮದ್ದು ಅಳತೆಯ ಊಟ ಮತ್ತು ದಿನದ ಓಡಾಟ. ದೊಡ್ಡ ಜಾತಿಯ ನಾಯಿಗಳಿಗೆ ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ಪಶುವೈದ್ಯರನ್ನೇ ಕೇಳಬೇಕು. ಗಂಡಿಗೆ ಚಿಕಿತ್ಸೆಯಾದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಹೆದರಿಕೆಯಿಂದ ಕಚ್ಚುವ ನಾಯಿ ಚಿಕಿತ್ಸೆಯಿಂದಲೇ ಸಾಧುವಾಗಿಬಿಡುತ್ತದೆ ಎಂದೂ ತಿಳಿಯಬಾರದು.

"ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಅದರ ಆರೋಗ್ಯ ಕೆಡುತ್ತದೆ" ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. "ಕಾವಲು ಕಾಯುವುದಿಲ್ಲ" ಎಂಬುದೂ ಸುಳ್ಳು. ಮನೆ, ಮನೆಯವರ ಮೇಲಿನ ಅಭಿಮಾನ ಬೀಜದಿಂದ ಬಂದದ್ದಲ್ಲ. "ಸಂತಾನ ತಪ್ಪಿಸಿದರೆ ಪಾಪ" ಎನ್ನುವ ಹಿರಿಯರನ್ನು ಹಳಿಯಬೇಡಿ. ಅವರ ಮಾತಿನ ಹಿಂದೆ ಕರುಣೆಯಿದೆ. ಆದರೆ ಚಕ್ರದಡಿ ಸಿಕ್ಕ ಮರಿಯನ್ನು, ಚೀಲದಲ್ಲಿ ಕೂಗುವ ಬೆಕ್ಕಿನ ಮರಿಯನ್ನು ಅವರಿಗೆ ತೋರಿಸಿ, "ಅಜ್ಜಾ, ಇದು ಪಾಪವಲ್ಲವೇ?" ಎಂದು ವಿನಯದಿಂದ ಕೇಳಿ.

ಕಾನೂನೂ ಈ ದಾರಿಯನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. ಅವುಗಳ ಜಾಗದಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಜಾರಿಯಾದವು. ನಗರಗಳಲ್ಲಿ ಬೀದಿನಾಯಿಗಳನ್ನು ಹಿಡಿಸಿ, ಚಿಕಿತ್ಸೆ ಮತ್ತು ಲಸಿಕೆ ಕೊಡಿಸಿ, ಹಿಡಿದ ಜಾಗಕ್ಕೇ ಬಿಡುವ ಹೊಣೆ ಸ್ಥಳೀಯ ಸಂಸ್ಥೆಯದು. ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯಲ್ಲಿ ಸಣ್ಣ ಕತ್ತರಿ ಗುರುತು ಇರುತ್ತದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಇದಕ್ಕೆ ಒಂದು ವಿನಾಯಿತಿ ಹೇಳಿತು: ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ, ಚಿಕಿತ್ಸೆ ಲಸಿಕೆಯ ನಂತರ ಆಶ್ರಯ ಕೇಂದ್ರಕ್ಕೆ ಸೇರಿಸಬೇಕು. ಸಾಕಿದ ನಾಯಿ ಬೆಕ್ಕಿನ ಹೊಣೆ ಮಾತ್ರ ಯಾವಾಗಲೂ ಸಾಕಿದವರದೇ.

ಇನ್ನು ನೀವೇನು ಮಾಡಬಹುದು? ನಿಮ್ಮ ಶಾಲೆಯ ವಿಜ್ಞಾನ ಸಂಘದಿಂದ ನಿಮ್ಮ ಓಣಿಯ ನಾಯಿಗಳನ್ನು ಎಣಿಸಿ. ಹೆಣ್ಣೆಷ್ಟು, ಗಂಡೆಷ್ಟು, ಮರಿಯೆಷ್ಟು, ಕಿವಿಯಲ್ಲಿ ಗುರುತಿರುವುದೆಷ್ಟು ಎಂದು ದೂರದಿಂದಲೇ ನೋಡಿ ಪಟ್ಟಿ ಮಾಡಿ. ಹಿಡಿಯುವ ಸಾಹಸಕ್ಕೆ ಹೋಗಬೇಡಿ, ಅದು ತರಬೇತಿ ಪಡೆದವರ ಕೆಲಸ. ಆ ಪಟ್ಟಿಯನ್ನು ಗುರುಗಳ ಸಹಿಯೊಡನೆ ಮಹಾನಗರ ಪಾಲಿಕೆಗೆ, ಸಣ್ಣ ಊರಾದರೆ ಪುರಸಭೆಗೆ ಅಥವಾ ಗ್ರಾಮ ಪಂಚಾಯಿತಿಗೆ ಕೊಡಿ. "ನಾಯಿಕಾಟ ಹೆಚ್ಚಾಗಿದೆ" ಎಂಬ ದೂರಿಗಿಂತ "ನಮ್ಮ ಓಣಿಯಲ್ಲಿ 11 ಹೆಣ್ಣುನಾಯಿಗಳಿವೆ, 2ಕ್ಕೆ ಮಾತ್ರ ಗುರುತಿದೆ" ಎಂಬ ಮನವಿಗೆ ತೂಕ ಹೆಚ್ಚು. ಎಂಜಲನ್ನೂ ಮಾಂಸದ ತ್ಯಾಜ್ಯವನ್ನೂ ಬೀದಿಗೆ ಎಸೆಯದಂತೆ ಮನೆಯವರಿಗೆ, ಅಂಗಡಿಯವರಿಗೆ ಹೇಳಿ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ವರ್ಷ ವರ್ಷ ಲಸಿಕೆ ಹಾಕಿಸಿ, ಸಕಾಲದಲ್ಲಿ ಚಿಕಿತ್ಸೆ ಮಾಡಿಸಲು ಅಪ್ಪ ಅಮ್ಮನನ್ನು ಒಪ್ಪಿಸಿ. ನಾಯಿ ಬೊಗಳಿದರೆ ಓಡಬೇಡಿ, ಅದರ ಕಣ್ಣನ್ನೇ ದಿಟ್ಟಿಸಬೇಡಿ, ನಿಂತು ನಿಧಾನಕ್ಕೆ ಸರಿಯಿರಿ. ಉಣ್ಣುವ ನಾಯಿಯನ್ನು, ಮರಿಗಳ ಜೊತೆಗಿರುವ ತಾಯಿಯನ್ನು ಮುಟ್ಟಬೇಡಿ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಶಾಸನ ಸಿಕ್ಕಿದೆ. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಇಂದಿನ ನಾಯಿಗಳು ನಮ್ಮಿಂದ ಕಲ್ಲಿನ ಗೌರವವನ್ನು ಬೇಡುವುದಿಲ್ಲ, ಕಲ್ಲೇಟು ಬೀಳದಿದ್ದರೆ ಅವಕ್ಕೆ ಸಾಕು.

ಗಾಂಧಿನಗರದ ಆ ಕಂದು ನಾಯಿ ಮುಪ್ಪಿನಲ್ಲಿ ಆ ಹುಡುಗನ ಮನೆಯ ಮೆಟ್ಟಿಲ ಬಳಿಯೇ ಮಲಗುತ್ತಿತ್ತು. ಅವನು ಹೈಸ್ಕೂಲಿಗೆ ಹೊರಟಾಗ ಬಾಲ ಆಡಿಸುತ್ತ ಓಣಿಯ ಕೊನೆಯವರೆಗೆ ಬರುತ್ತಿತ್ತು. ಅಂದು ರಾತ್ರಿ ಓಣಿಯವರು ಬೇರೆ ತೀರ್ಮಾನ ಮಾಡಿದ್ದರೆ ನಾಯಿ ಸಾಯುತ್ತಿತ್ತು. ಗಾಯ ತೊಳೆಯುವುದು ಗೊತ್ತಿದ್ದವರು ಅಂದು ಇಲ್ಲದಿದ್ದರೆ, ಬಹುಶಃ ಹುಡುಗನೂ ಉಳಿಯುತ್ತಿರಲಿಲ್ಲ. ಇಬ್ಬರನ್ನೂ ಉಳಿಸಿದ್ದು ಒಬ್ಬ ಶಿಕ್ಷಕರ ತಿಳಿವಳಿಕೆ, ಒಬ್ಬ ವಿದ್ಯಾರ್ಥಿನಿಯ ಸಮಯಪ್ರಜ್ಞೆ. ನಿಮ್ಮ ಓಣಿಯಲ್ಲಿ ಆ ವಿದ್ಯಾರ್ಥಿ ನೀವಾಗಿರಿ.